ಕೊಳೆತ ತತ್ತಿಯ ವಾಸನೆ

ಕಾಲೇಜು ಎಂದರೆ ಜ್ಞಾನದೇಗುಲ ಎಂದು ಗೋಡೆಯ ಮೇಲೆ ಬರೆಸುವ ಚಾಳಿ ನಮ್ಮ ಕಡೆ ಬಹಳ. ಬರೆಸಿದವರಿಗೆ ಅದರ ಅರ್ಥ ಗೊತ್ತಿತ್ತೋ ಇಲ್ಲವೋ, ಮಾತು ಮಾತ್ರ ಸುಳ್ಳಲ್ಲ. ದೇಗುಲ ಎಂದ ಮೇಲೆ ಒಳಗೆ ಮಂತ್ರ ಹೇಳುವವನೊಬ್ಬ, ಹೊರಗೆ ಕಸ ಹೊಡೆಯುವವನೊಬ್ಬ ಇರಲೇಬೇಕಲ್ಲ. ಈಗ ದೊಡ್ಡ ದೊಡ್ಡವರು ‘ಪರಿಸರ, ಆರೋಗ್ಯ ಮತ್ತು ಸುರಕ್ಷತೆಯ ನಿರ್ವಹಣೆ’ ಎಂದು ಉದ್ದನೆಯ ಹೆಸರಿಟ್ಟು ತರಬೇತಿ ಕೊಡುತ್ತಾರೆ, ಪ್ರಮಾಣಪತ್ರ ಹಂಚುತ್ತಾರೆ. ನಮ್ಮಂಥ ಸಣ್ಣ ಊರಿನ ಸಣ್ಣ ಕಾಲೇಜುಗಳಲ್ಲಿ ಈ ನಿರ್ವಹಣೆ ಮೊದಲಿನಿಂದಲೂ ಇತ್ತು. ಅದಕ್ಕೆ ಹೆಸರಿರಲಿಲ್ಲ, ಒಬ್ಬ ಮನುಷ್ಯನಿದ್ದ. ಅವನು ಯಾವ ಓಣಿಯಿಂದ ಬರುತ್ತಿದ್ದ ಎಂದು ಈ ಪುಟ ಓದುವವರಿಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಅವನು ನನ್ನ ಕಾಕಾ.

ನಮ್ಮೂರು ಐನಾಪುರ. ಮೊದಲು ಅಥಣಿ ತಾಲ್ಲೂಕು, ಈಗ ಕಾಗವಾಡ ತಾಲ್ಲೂಕು. ಹತ್ತಿರದಲ್ಲಿ ಕೃಷ್ಣೆ, ಸುತ್ತಲೂ ಕಬ್ಬು, ಉಗಾರದ ಸಕ್ಕರೆ ಕಾರ್ಖಾನೆ, ಮಾತಿನಾಗ ಅರ್ಧ ಮರಾಠಿ. 1925ರಲ್ಲಿ ಬಾಬಾಸಾಹೇಬರು ನಿಪ್ಪಾಣಿಯ ಬಹಿಷ್ಕೃತ ಪರಿಷತ್ತಿಗೆ ಬಂದಿದ್ದರೆಂಬುದನ್ನು ನಮ್ಮ ಓಣಿಯ ಹಿರಿಯರು, ತಾವು ಹೋಗದಿದ್ದರೂ, ಹೋಗಿ ಬಂದವರ ಹಾಗೆ ಹೇಳುತ್ತಿದ್ದರು. ಮಕ್ಕಳನ್ನು ಸಾಲಿಗೆ ಕಳಿಸುವ ಹಟ ಅಲ್ಲಿಂದ ಬಂದದ್ದು. ನನ್ನ ಅಪ್ಪನಿಗೆ ಅಕ್ಷರ ಹತ್ತಲಿಲ್ಲ. ಕಾಕಾ ಮುಲ್ಕಿ ಪಾಸಾದ. ಮುಲ್ಕಿ ಪಾಸಾದವನಿಗೆ ಕಾಲೇಜಿನಲ್ಲಿ ನೌಕರಿ ಸಿಕ್ಕಿತು ಎಂದು ಓಣಿಯಲ್ಲಿ ಪೇಢೆ ಹಂಚಿದರಂತೆ. ಹುದ್ದೆಯ ಹೆಸರು ಲ್ಯಾಬ್ ಅಟೆಂಡರ್. ಕಾಲೇಜಿನ ಹೆಸರು ಬೇಡ. ಒಂದರ ಹೆಸರು ಹಾಕಿದರೆ ಉಳಿದವೆಲ್ಲ ಬಚಾವಾದಂತೆ.

ಕಾಕಾನ ಕೈ ನೋಡಬೇಕಿತ್ತು ನೀವು. ಬೆರಳ ಸಂದಿಗಳಲ್ಲಿ, ಉಗುರಿನ ಬುಡದಲ್ಲಿ ಮೆಣಸಿನಕಾಳು ಒತ್ತಿ ತೆಗೆದಂಥ ದುಂಡನೆಯ ಸಣ್ಣ ಗುಳಿಗಳು. ನೋವಿಲ್ಲ ಎನ್ನುತ್ತಿದ್ದ. ನೋವಿಲ್ಲದ ಗಾಯ ಎಂದರೆ ಏನೆಂದು ನನಗೆ ಎಂ.ಎಸ್ಸಿ. ಓದುವಾಗ ತಿಳಿಯಿತು. ಆ ಕಾಲದ ಪ್ರಯೋಗಾಲಯಗಳಲ್ಲಿ ಬ್ಯೂರೆಟ್ಟು, ಪಿಪೆಟ್ಟು ತೊಳೆಯುವುದಕ್ಕೆ ಪೊಟ್ಯಾಸಿಯಂ ಡೈಕ್ರೋಮೇಟನ್ನು ಸಲ್ಫ್ಯೂರಿಕ್ ಆ್ಯಸಿಡ್ಡಿನಲ್ಲಿ ಕಲಸಿ ಕ್ರೋಮಿಕ್ ಆ್ಯಸಿಡ್ ಮಾಡುತ್ತಿದ್ದರು. ಕೇಸರಿ ಬಣ್ಣದ್ದು. ಗಾಜಿಗೆ ಹತ್ತಿದ ಜಿಡ್ಡನ್ನೆಲ್ಲ ತಿಂದುಹಾಕುತ್ತದೆ. ಚರ್ಮವನ್ನೂ ತಿನ್ನುತ್ತದೆ, ಆದರೆ ಮೆಲ್ಲಗೆ. ಚರ್ಮೋದ್ಯಮದಲ್ಲಿ, ಲೋಹಕ್ಕೆ ಹೊಳಪು ಕೊಡುವ ಕಾರ್ಖಾನೆಗಳಲ್ಲಿ ದುಡಿಯುವವರ ಕೈಯಲ್ಲಿ ಇಂಥದೇ ಗುಳಿ ಬೀಳುತ್ತವೆ, ಮೂಗಿನ ನಡುವಿನ ಗೋಡೆ ತೂತಾಗುತ್ತದೆ ಎಂಬುದು ಹಳೆಯ ವೈದ್ಯಗ್ರಂಥಗಳಲ್ಲೇ ಇದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲಿ ಈ ಜಾತಿಯ ಕ್ರೋಮಿಯಂ ಮನುಷ್ಯನಿಗೆ ಕ್ಯಾನ್ಸರ್ ತರುತ್ತದೆಂದು ಖಚಿತವಾಗಿ ಪಟ್ಟಿಗೆ ಹಾಕಿತು. ನಮ್ಮ ಕಾಲೇಜಿಗೆ ಆ ಪಟ್ಟಿ ಬರಲಿಲ್ಲ. ಕೈಗವಸು ಕೂಡ ಬರಲಿಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಕನ್ನಡಕ, ಕೈಗವಸು, ಹೊಗೆ ಹೊರಹಾಕುವ ವ್ಯವಸ್ಥೆ ಎಲ್ಲ ಬರೆದಿತ್ತು. ಆದರೆ ಕಾಲೇಜು ಕಾರ್ಖಾನೆಯಲ್ಲವಲ್ಲ! ಅದೇ ಆ್ಯಸಿಡ್ ಉಗಾರದ ಕಾರ್ಖಾನೆಯ ಲ್ಯಾಬಿನಲ್ಲಿದ್ದರೆ ಕಾಯ್ದೆಯೊಳಗೆ ಬರುತ್ತಿತ್ತು, ದೇಗುಲದಲ್ಲಿದ್ದರೆ ತೀರ್ಥ.

ಬಾಟಲಿಗಳ ಮೇಲಿನ ಹೆಸರೆಲ್ಲ ಇಂಗ್ಲಿಷಿನಲ್ಲಿ. ಮುಲ್ಕಿಯ ಕನ್ನಡ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಯಾವ ಹಲಗೆಯ ಮೇಲೆ ಎಷ್ಟನೆಯದು ಎಂದು ಜಾಗದ ಮೇಲೆ ಗುರುತು ಹಿಡಿಯುತ್ತಿದ್ದ. ಯಾರಾದರೂ ಜಾಗ ಬದಲಿಸಿದರೆ ಬಿರಡೆ ತೆಗೆದು ಮೂಸುತ್ತಿದ್ದ. ಬಿಳಿ ಹೊಗೆ ಎದ್ದು ಗಂಟಲು ಕೆರೆದರೆ ಹೈಡ್ರೋಕ್ಲೋರಿಕ್, ಕೆಂಪು ಹೊಗೆ ಬಂದರೆ ನೈಟ್ರಿಕ್, ಕಣ್ಣಲ್ಲಿ ನೀರು ಸುರಿದರೆ ಅಮೋನಿಯಾ. ಹೊಗೆಯೂ ಇಲ್ಲ ವಾಸನೆಯೂ ಇಲ್ಲ, ಎತ್ತಿದರೆ ಕೈಗೆ ಭಾರ, ಅಂದರೆ ಸಲ್ಫ್ಯೂರಿಕ್. ಪ್ರೊಫೆಸರರು ಇದನ್ನು ಮೆಚ್ಚಿ ಬೇರೆಯವರಿಗೆ ಹೇಳುತ್ತಿದ್ದರು: ‘ನಮ್ಮ ಅಟೆಂಡರ್ ಮೂಗು ಬಾಳ ಚುರುಕ್ರೀ’. ಕನ್ನಡದಲ್ಲಿ ಹೆಸರು ಬರೆದ ಒಂದು ಚೀಟಿ ಅಂಟಿಸಲು ಗೋಂದಿಗೆ ಎಷ್ಟು ಖರ್ಚಾಗುತ್ತಿತ್ತು?

ಮುಂದೆ ಅದೇ ಕಾಲೇಜಿಗೆ ನಾನು ಬಿ.ಎಸ್ಸಿ.ಗೆ ಸೇರಿದೆ. ಮನೆಯಲ್ಲಿ ‘ಏ ತಮ್ಮಾ’ ಎನ್ನುತ್ತಿದ್ದ ಕಾಕಾ ಲ್ಯಾಬಿನಲ್ಲಿ ಎಲ್ಲರ ಮುಂದೆ ನನಗೆ ‘ಏನ್ರೀ, ಬೀಕರ್ ಬೇಕೇನ್ರೀ’ ಎನ್ನುತ್ತಿದ್ದ. ನಾನು ಮಾತ್ರ ‘ಕಾಕಾ’ ಎಂದೇ ಕರೆದೆ. ಅದರಿಂದ ಇಡೀ ತರಗತಿಗೆ ನನ್ನ ಓಣಿ ಗೊತ್ತಾಯಿತು. ಆಗಲಿ ಬಿಡಿ.

ಲವಣ ಪರೀಕ್ಷೆ ಎಂದು ಒಂದು ಪ್ರಯೋಗ. ಓದಿದವರಿಗೆ ಗೊತ್ತು. ಒಂದು ಚಿಟಿಕೆ ಉಪ್ಪಿನಲ್ಲಿ ಯಾವ ಲೋಹವಿದೆ ಎಂದು ಕಂಡುಹಿಡಿಯಲು ಹೈಡ್ರೋಜನ್ ಸಲ್ಫೈಡ್ ಗಾಳಿಯನ್ನು ಹಾಯಿಸಬೇಕು. ಅದನ್ನು ತಯಾರಿಸುವುದು ಮೂರು ಬುರುಡೆಗಳ ಕಿಪ್ಸ್ ಉಪಕರಣದಲ್ಲಿ: ಕಬ್ಬಿಣದ ಸಲ್ಫೈಡಿನ ತುಂಡುಗಳ ಮೇಲೆ ಆ್ಯಸಿಡ್ ಏರಿದರೆ ಗಾಳಿ ಬರುತ್ತದೆ. ಕೊಳೆತ ತತ್ತಿಯ ವಾಸನೆ ಎಂದು ಪುಸ್ತಕದಲ್ಲಿ ಬರೆದಿದೆ. ಈ ಗಾಳಿ ವಿಷ, ಆದ್ದರಿಂದ ಚಿಮಣಿ ಇರುವ ಗಾಜಿನ ಕಪಾಟಿನೊಳಗೇ ಕಿಪ್ಸ್ ಇಡಬೇಕು ಎಂದೂ ಬರೆದಿದೆ. ನಮ್ಮಲ್ಲಿ ಆ ಕಪಾಟಿನ ಫ್ಯಾನು ಕೆಟ್ಟು ಎಷ್ಟೋ ವರ್ಷವಾಗಿ, ಒಳಗೆ ಕಸಬರಿಗೆ, ಸೀಮೆಸುಣ್ಣದ ಡಬ್ಬಿ ಇಡುತ್ತಿದ್ದರು. ಕಿಪ್ಸ್ ಹೊರಗೆ ವರಾಂಡದಲ್ಲಿ, ಕಾಕಾನ ಸ್ಟೂಲಿನ ಪಕ್ಕ. ಮೊದಲ ದಿನ ನಾವೆಲ್ಲ ಮೂಗು ಮುಚ್ಚಿಕೊಂಡು ನಕ್ಕೆವು. ಕಾಕಾ ನಗಲಿಲ್ಲ. ಸಂಜೆ ಸೈಕಲ್ಲು ತಳ್ಳುತ್ತ ಮನೆಗೆ ಬರುವಾಗ ಹೇಳಿದ:

‘ಆ ವಾಸನಿ ನನಗ ಲ್ಯಾಬಿಗಿ ಬರೂಕಿಂತ ಮೊದಲ ಗೊತ್ತೈತಿ ತಮ್ಮಾ. ಟಾಕಿದದು. ಸಂಡಾಸದ ಟಾಕಿ ಮುಚ್ಚಳಾ ತಗದ್ರ ಅದ ಬರತೈತಿ.’

ಪುಸ್ತಕ ಬರೆದವರಿಗೆ ತತ್ತಿ ನೆನಪಾಯಿತು, ನನ್ನ ಕಾಕಾನಿಗೆ ಟಾಕಿ ನೆನಪಾಯಿತು. ಅವನ ಮಾತಿನಲ್ಲಿ ರಸಾಯನಶಾಸ್ತ್ರ ಹೆಚ್ಚಿತ್ತು. ಅದು ಅದೇ ಗಾಳಿ. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮಲವನ್ನು ಕೊಳೆಸುವಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ಜೊತೆಗೆ ಮೀಥೇನು. ರಾಡಿಯನ್ನು ಕೋಲಿನಿಂದ ಕಲಕಿದಾಗ ಹಿಡಿದಿಟ್ಟದ್ದೆಲ್ಲ ಒಮ್ಮೆಲೇ ಮೇಲೇಳುತ್ತದೆ. ಗಾಳಿಗಿಂತ ತುಸು ಭಾರವಾದ್ದರಿಂದ ಗುಂಡಿ ಬಿಟ್ಟು ಬೇಗ ಹೋಗುವುದಿಲ್ಲ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಆದರೆ ನೂರು ಪಾಲಿನ ಸುಮಾರಿಗೆ ಬಂದರೆ ಮೂಗೇ ಸಾಯುತ್ತದೆ, ವಾಸನೆ ತಿಳಿಯುವುದು ನಿಂತುಹೋಗುತ್ತದೆ. ಇನ್ನೂ ಹೆಚ್ಚಾಗಿ ಐದುನೂರು, ಸಾವಿರಕ್ಕೆ ಹೋದರೆ ಕೆಲವು ಉಸಿರಿನಲ್ಲಿ ಮನುಷ್ಯ ಕುಸಿಯುತ್ತಾನೆ. ‘ವಾಸನಿ ಹೋತು, ಇನ್ನ ಇಳಿಯಾಕ ಅಡ್ಡಿಯಿಲ್ಲ’ ಎನ್ನುವ ಮಾತು ನಮ್ಮ ಓಣಿಯಲ್ಲಿ ಇತ್ತು. ಎಷ್ಟು ಜನರನ್ನು ಆ ಮಾತು ಕೊಂದಿದೆಯೋ. ಕಂದೀಲು ಇಳಿಬಿಟ್ಟು ನೋಡುವ ಪದ್ಧತಿಯೂ ಇತ್ತು. ಆಮ್ಲಜನಕ ತೀರ ಕಡಿಮೆ ಇದ್ದರೆ ಕಂದೀಲು ಆರುತ್ತದೆ, ನಿಜ. ಆದರೆ ಈ ವಿಷ ಮನುಷ್ಯನನ್ನು ಕೊಲ್ಲುವಷ್ಟಿದ್ದಾಗಲೂ ಕಂದೀಲು ಉರಿಯುತ್ತಲೇ ಇರಬಲ್ಲದು. ಮೀಥೇನು ತುಂಬಿದ್ದರೆ ಭಗ್ ಎಂದು ಹೊತ್ತಲೂಬಹುದು. ಹಳ್ಳಿಯ ಮಾಸ್ತರರು ಈ ಎರಡು ಮಾತನ್ನಾದರೂ ಮಕ್ಕಳಿಗೆ ಹೇಳಿ. ಪರೀಕ್ಷೆಗೆ ಬರುವುದಿಲ್ಲ, ಮನೆಗೆ ಬೇಕಾಗುತ್ತದೆ.

1987ರ ಬೇಸಿಗೆ ರಜೆಯಲ್ಲಿ ಕಾಲೇಜಿನ ಟಾಕಿ ತುಂಬಿತು. ಲ್ಯಾಬ್ ಅಟೆಂಡರ್ ಹುದ್ದೆಗೂ ಸಂಡಾಸದ ಟಾಕಿಗೂ ಯಾವ ಸಂಬಂಧ ಎಂದು ನೀವು ಕೇಳಬಹುದು. ಆಫೀಸಿನವರು ಕೇಳಲಿಲ್ಲ. ಕಾಕಾನನ್ನು ಕರೆದು ‘ನಿಮ್ಮ ಕಡೆಯವರನ್ನ ಇಬ್ಬರನ್ನ ಕರಕೊಂಡು ಬಾ’ ಎಂದರು. ಓಣಿಯ ಒಬ್ಬ ಹುಡುಗ ಬಂದ, ನನಗಿಂತ ಎರಡು ವರ್ಷ ದೊಡ್ಡವನು. ಮುಚ್ಚಳ ತೆಗೆದು ಒಂದು ತಾಸು ಬಿಟ್ಟರು. ಬಕೆಟ್ಟಿನಿಂದ ಮೇಲಿನದನ್ನು ತೆಗೆದರು. ಆಮೇಲೆ ತಳದ ರಾಡಿಗೆ ಆ ಹುಡುಗ ಇಳಿದ. ಎರಡು ಬಕೆಟ್ಟು ಕೊಟ್ಟ. ಮೂರನೆಯದಕ್ಕೆ ಕೈ ಮೇಲೆ ಬರಲಿಲ್ಲ. ಅವನ ನಡುವಿಗೆ ಕಾಕಾ ಹಗ್ಗ ಕಟ್ಟಿದ್ದ, ಬಾವಿಗೆ ಇಳಿಸುವವರ ಹಾಗೆ. ಆ ಹಗ್ಗದಿಂದಲೇ ಅವನು ಇವತ್ತಿಗೂ ಇದ್ದಾನೆ. ಎಳೆದು ಮೇಲೆ ಹಾಕಿ, ಮುಖಕ್ಕೆ ನೀರು ಹೊಡೆದು, ಚಕ್ಕಡಿಯಲ್ಲಿ ಹೇರಿ ದವಾಖಾನೆಗೆ ಒಯ್ದರು. ಬೇರೆ ಕಡೆ ಹಗ್ಗ ಇರುವುದಿಲ್ಲ. ಒಬ್ಬ ಬಿದ್ದ ಎಂದು ಇನ್ನೊಬ್ಬ ಹಾರುತ್ತಾನೆ, ಅವನನ್ನು ಎತ್ತಲು ಮೂರನೆಯವನು. ಪತ್ರಿಕೆಯಲ್ಲಿ ‘ಒಂದೇ ಕುಟುಂಬದ ಮೂವರ ಸಾವು’ ಎಂದು ಓದಿದಾಗ ಬಹಳ ಸಲ ನಡೆದದ್ದು ಇದೇ.

ಕಾಲೇಜಿನ ದಫ್ತರದಲ್ಲಿ ‘ಬಿಸಿಲಿನ ತಾಪಕ್ಕೆ ಕೂಲಿಯವನಿಗೆ ತಲೆ ತಿರುಗಿತು’ ಎಂದು ಬರೆದರು. ಐವತ್ತು ರೂಪಾಯಿ ಕೊಟ್ಟು ಸಹಿ ತೆಗೆದುಕೊಂಡರು. ಜೂನ್‌ನಲ್ಲಿ ಕಾಲೇಜು ಸುರುವಾದಾಗ ಅದೇ ಪ್ರೊಫೆಸರರು ಹೊಸ ಹುಡುಗರಿಗೆ ಹೈಡ್ರೋಜನ್ ಸಲ್ಫೈಡಿನ ವಿಷಗುಣಗಳನ್ನು ಬೋರ್ಡಿನ ಮೇಲೆ ಬರೆಸಿದರು. ಟಾಕಿಗೂ ಆ ಬೋರ್ಡಿಗೂ ನಡುವೆ ಇದ್ದದ್ದು ಒಂದು ಗೋಡೆ.

ಆ ಗೋಡೆ ಇಟ್ಟಿಗೆಯದಲ್ಲ. ನಮ್ಮ ರಾಜ್ಯದಲ್ಲಿ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಮಂತ್ರಿಯಾಗಿದ್ದಾಗಲೇ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆಜ್ಞೆ ಮಾಡಿದರು. ದೇಶಕ್ಕೆ ಕಾಯ್ದೆ ಬಂದದ್ದು 1993ರಲ್ಲಿ. ಅಷ್ಟಾದ ಮೇಲೂ 2010ರ ಜುಲೈನಲ್ಲಿ ಸವಣೂರಿನ ಭಂಗಿಗಳು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತಾಗ ಸರಕಾರಕ್ಕೆ ಕಣ್ಣು ಬಿಟ್ಟಿತು. 2013ರಲ್ಲಿ ಇನ್ನೊಂದು ಕಾಯ್ದೆಯಾಗಿ, ಬಾಬಾಸಾಹೇಬರ ಪರಿನಿರ್ವಾಣದ ದಿನವಾದ ಡಿಸೆಂಬರ್ 6ರಿಂದ ಜಾರಿಗೆ ಬಂತು. ರಕ್ಷಣೆಯಿಲ್ಲದೆ ಯಾರನ್ನೂ ಒಳಚರಂಡಿಗೆ, ಸೆಪ್ಟಿಕ್ ಟಾಕಿಗೆ ಇಳಿಸುವಂತಿಲ್ಲ, ನೇರವಾಗಿಯೂ ಇಲ್ಲ, ಗುತ್ತಿಗೆದಾರನ ಮೂಲಕವೂ ಇಲ್ಲ. ಮೊದಲ ಸಲ ತಪ್ಪಿದರೇ ಎರಡು ವರ್ಷದ ತನಕ ಜೈಲು, ಎರಡು ಲಕ್ಷದ ತನಕ ದಂಡ. ಒಳಚರಂಡಿಯಲ್ಲಿ ಸತ್ತವರ ಮನೆಗೆ ಹತ್ತು ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷ ಮಾಡಿತು. ಅದೇ 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಯಲವಹಳ್ಳಿಯ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದರು. ವಿಡಿಯೋ ಹೊರಬಿದ್ದ ಮೇಲೆ ಅಮಾನತು, ಬಂಧನ, ಸುತ್ತೋಲೆ ಎಲ್ಲ ಆಯಿತು. ವಿಡಿಯೋ ಬರದಿದ್ದರೆ? ನನಗೆ ಆ ಮಕ್ಕಳ ವಯಸ್ಸೇ ಕಣ್ಣಿಗೆ ಕಟ್ಟುತ್ತದೆ. ಪಾಠ ಕಲಿಯುವ ವಯಸ್ಸು, ಆಗಲೇ ಗುಂಡಿ ಸುರುವಾಗಿತ್ತು.

ದೊಡ್ಡ ಸಂಸ್ಥೆಗಳಲ್ಲಿ ಎಲ್ಲ ಸರಿ ಇದೆ ಎಂದೇನಲ್ಲ. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಹೈಡ್ರೋಜನ್ ಸಿಲಿಂಡರ್ ಸಿಡಿದು ಒಬ್ಬ ಯುವ ಸಂಶೋಧಕ ಸತ್ತ. ಆದರೆ ನನ್ನ ಮನಸ್ಸಿನಲ್ಲಿ ಕೂತದ್ದು ದಿಲ್ಲಿಯ ಕಥೆ. ದಿಲ್ಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೋಬಾಲ್ಟ್-60 ಇದ್ದ ಒಂದು ಯಂತ್ರ 1985ರಿಂದ ಬಳಕೆಯಿಲ್ಲದೆ ಬಿದ್ದಿತ್ತು. 2010ರ ಫೆಬ್ರುವರಿಯಲ್ಲಿ ಹಳೇ ಸಾಮಾನಿನ ಜೊತೆ ಅದನ್ನೂ ಹರಾಜು ಹಾಕಿದರು. ಮಾಯಾಪುರಿಯ ಗುಜರಿಯಲ್ಲಿ ಅದನ್ನು ಒಡೆದವರಿಗೆ ಒಳಗೆ ಏನಿದೆ ಎಂದು ಗೊತ್ತಿರಲಿಲ್ಲ. ಮೈ ಕಪ್ಪಾಯಿತು, ಕೂದಲು ಉದುರಿತು, ಒಬ್ಬ ಸತ್ತ, ಕೆಲವರು ತಿಂಗಳುಗಟ್ಟಲೆ ನರಳಿದರು. ದೇಶದ ಹೆಸರಾಂತ ವಿಜ್ಞಾನಿಗಳು ಕೂತ ಕಟ್ಟಡದಿಂದ ಹೊರಟ ವಿಷ ನೇರ ಹೋಗಿ ಗುಜರಿ ಆಯುವವನ ಕೈ ಸೇರಿತು. ಹಿತ್ತಲಿನಲ್ಲಿ ಸಾಗಿಬಿಟ್ಟದ್ದು ಯಾರ ಅಂಗಳಕ್ಕೆ ಹೋಗುತ್ತದೆ ಎಂದು ಆ ವಿಜ್ಞಾನಿಗಳೂ ನೋಡಲಿಲ್ಲ, ನಮ್ಮ ಪ್ರೊಫೆಸರರೂ ನೋಡಲಿಲ್ಲ. ನಮ್ಮ ಲ್ಯಾಬಿನ ಸಿಂಕಿನ ಪೈಪು ಗಟಾರಕ್ಕೆ, ಗಟಾರ ನಮ್ಮ ಓಣಿಯ ಬಾಯಿಗೆ.

ಈಗ ನಾನು ಈ ಸೀಮೆಯ ಇನ್ನೊಂದು ಸಣ್ಣ ಕಾಲೇಜಿನಲ್ಲಿ ತಾಸಿನ ಲೆಕ್ಕದ ಮಾಸ್ತರ. ಧಾರವಾಡದ ಕೈಯಿಂದ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕೈಗೆ ಬಂದ ಕಾಲೇಜುಗಳಲ್ಲಿ ಒಂದು. ನ್ಯಾಕ್ ಸಮಿತಿ ಬರುತ್ತದೆಂದರೆ ನಮ್ಮಲ್ಲಿ ಮದುವೆ ಮನೆಯ ಸಂಭ್ರಮ. ಆ ಕೈಪಿಡಿಯಲ್ಲಿ ಘನತ್ಯಾಜ್ಯ, ದ್ರವತ್ಯಾಜ್ಯ, ಇ-ತ್ಯಾಜ್ಯ, ಅಪಾಯಕಾರಿ ರಾಸಾಯನಿಕ ಇವನ್ನು ಹೇಗೆ ನಿರ್ವಹಿಸುತ್ತೀರಿ ಎಂದು ಕೇಳಿದ್ದಾರೆ. ಫೋಟೋ ಬೇಕು ಎನ್ನುತ್ತಾರೆ. ಹಸಿರು ಡಬ್ಬಿ, ನೀಲಿ ಡಬ್ಬಿ ತಂದು ಫೋಟೋ ಹಿಡಿದೆವು. ಸಸಿ ನೆಟ್ಟೆವು. ‘ಹಸಿರು ಲೆಕ್ಕಪರಿಶೋಧನೆ’ ಎಂದು ಒಂದು ದಪ್ಪ ವರದಿ ಆಯಿತು. ಆ ಡಬ್ಬಿಯನ್ನು ಯಾರು ಎತ್ತಿ ಎಲ್ಲಿ ಸುರಿಯುತ್ತಾರೆ ಎಂಬ ಪ್ರಶ್ನೆಗೆ ಆ ವರದಿಯಲ್ಲಿ ಒಂದು ಸಾಲೂ ಇಲ್ಲ.

ಸುರಿಯುವವಳು ಒಬ್ಬ ಅಕ್ಕ. ಹೊರಗುತ್ತಿಗೆ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಲ್ಲ. ಸಂಡಾಸಿನ ಕಲೆ ಹೋಗಲಿ ಎಂದು ಅವಳಿಗೆ ಲ್ಯಾಬಿನ ಹಳೇ ಹೈಡ್ರೋಕ್ಲೋರಿಕ್ ಆ್ಯಸಿಡ್ ಬಾಟಲಿ ಕೊಡುತ್ತಾರೆ, ವಾಸನೆ ಹೋಗಲಿ ಎಂದು ಬ್ಲೀಚಿಂಗ್ ಪೌಡರ್ ಕೊಡುತ್ತಾರೆ. ಎರಡನ್ನೂ ಒಟ್ಟಿಗೆ ಹಾಕಬಾರದು ಎಂದು ಯಾರೂ ಹೇಳಿರಲಿಲ್ಲ. ಒಂದು ದಿನ ಕಿಟಕಿಯಿಲ್ಲದ ಆ ಕೋಣೆಯಿಂದ ಕೆಮ್ಮುತ್ತ, ಸೆರಗು ಬಾಯಿಗೊತ್ತಿಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ಬ್ಲೀಚಿಂಗ್ ಪೌಡರಿನ ಮೇಲೆ ಆ್ಯಸಿಡ್ ಬಿದ್ದರೆ ಕ್ಲೋರಿನ್ ಬರುತ್ತದೆ. 1915ರಲ್ಲಿ ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನರು ಕಂದಕದಲ್ಲಿದ್ದ ಸಿಪಾಯಿಗಳ ಮೇಲೆ ಬಿಟ್ಟದ್ದು ಇದೇ ಗಾಳಿಯನ್ನು. ನಾನು ಮೂರನೆಯ ತಾಸಿನಲ್ಲಿ ಈ ಸಮೀಕರಣವನ್ನೇ ಬರೆಸುತ್ತೇನೆ. ಅವಳನ್ನು ಗಾಳಿಗೆ ಕೂಡಿಸಿ, ಎರಡನ್ನೂ ಬೇರೆ ಬೇರೆ ದಿನ ಹಾಕಬೇಕು, ಮೊದಲಿನದನ್ನು ನೀರು ಹೊಡೆದು ಪೂರ್ತಿ ತೊಳೆಯಬೇಕು ಎಂದು ಹೇಳಿದೆ.

‘ಅಯ್ಯ, ಇಷ್ಟ ಐತಿ ಏನ್ರೀ ಸರ? ನಾ ನನ್ನ ಎದಿನ ಕೆಟ್ಟೈತಿ ಅಂದಕೊಂಡಿದ್ದೆ’ ಎಂದಳು.

2019ರ ಆಗಸ್ಟಿನಲ್ಲಿ ಕೃಷ್ಣೆ ಏರಿ ಜುಗೂಳ, ಮಂಗಾವತಿಯಂಥ ದಂಡೆಯ ಊರುಗಳು ಮುಳುಗಿದ ವರ್ಷ ಇನ್ನೊಂದು ನಡೆಯಿತು. ಹೊಳೆಗೆ ಹತ್ತಿರದ ಒಂದು ಕಾಲೇಜಿನ ಸಾಮಾನಿನ ಕೋಣೆ ನೆಲಮಟ್ಟದಲ್ಲಿತ್ತು. ಅಲ್ಲಿ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ ಇತ್ತು. ನೀರು ತಾಗಿದರೆ ಉರಿದು ಸಿಡಿಯುವ ಲೋಹ. ಅಲ್ಲಿನ ಅಟೆಂಡರ್ ಕೂಡ ನಮ್ಮವನೇ, ಅವನೂ ಹೊರಗುತ್ತಿಗೆಯವನೇ. ಹೆಂಡತಿ ಮಕ್ಕಳನ್ನು ಗಂಜಿ ಕೇಂದ್ರಕ್ಕೆ ಹೋಗುವ ಟ್ರ್ಯಾಕ್ಟರ್ ಹತ್ತಿಸುತ್ತಿದ್ದಾಗ ಫೋನು ಬಂತು: ಕಂಪ್ಯೂಟರ್ ಮೇಲಿಡಬೇಕು. ಹೋದ. ಕಂಪ್ಯೂಟರ್ ಇಟ್ಟ ಮೇಲೆ, ಯಾರೂ ಹೇಳದೆ, ಮೊಣಕಾಲು ನೀರಿನಲ್ಲಿ ಸಾಮಾನಿನ ಕೋಣೆಗೆ ಹೋಗಿ ಸೋಡಿಯಂ ಬಾಟಲಿಯನ್ನು ತಲೆಯ ಮೇಲೆ ಹೊತ್ತು ಮಾಳಿಗೆ ಹತ್ತಿಸಿದ. ವರ್ಷವರ್ಷ ಹುಡುಗರಿಗೆಂದು ಕಡಲೆಕಾಳಿನಷ್ಟು ಚೂರು ಕತ್ತರಿಸಿ ಕೊಡುತ್ತಿದ್ದವನು ಅವನೇ, ಅದರ ಗುಣ ಅವನಿಗೆ ಗೊತ್ತಿತ್ತು. ನೀರಿಳಿದ ಮೇಲೆ ಕಾಲೇಜಿನ ಹಾನಿಯ ಪಟ್ಟಿ ಮಾಡಿದರು. ಬೆಂಚು, ಪುಸ್ತಕ, ವಿದ್ಯುತ್ ತಂತಿ. ಅವನ ಮನೆಯ ಮಣ್ಣಿನ ಗೋಡೆ ಬಿದ್ದದ್ದು ಬೇರೆ ಪಟ್ಟಿ, ಬೇರೆ ಆಫೀಸು, ಬೇರೆ ಸರತಿ.

ಹೋದ ತಿಂಗಳು ನಮ್ಮ ಕಾಲೇಜಿನ ಸಭೆಯಲ್ಲಿ ನಾನು ನಾಲ್ಕು ಮಾತು ಬರೆದುಕೊಟ್ಟೆ. ಬಾಟಲಿಗಳ ಮೇಲೆ ಕನ್ನಡದಲ್ಲಿ ಹೆಸರು, ಅಪಾಯದ ಗುರುತು. ಅಟೆಂಡರಿಗೂ ಆ ಅಕ್ಕನಿಗೂ ಕೈಗವಸು, ಕನ್ನಡಕ, ಅವರ ಹೆಸರಿನಲ್ಲೇ. ಏನಾದರೂ ಅಪಘಾತವಾದರೆ ಬರೆದಿಡಲು ಒಂದು ಪುಸ್ತಕ, ಅದರಲ್ಲಿ ಪೆಟ್ಟಾದವರ ಹೇಳಿಕೆ ಅವರ ಮಾತಿನಲ್ಲೇ ಇರಬೇಕು. ಟಾಕಿಗೆ ಹೀರುವ ಮಶೀನು, ಅದರ ಪಾವತಿ ಕಡತದಲ್ಲಿ. ಹೆಸರಿನ ಚೀಟಿಗೆ ಒಪ್ಪಿದರು, ಅದಕ್ಕೆ ರೊಕ್ಕ ಹತ್ತುವುದಿಲ್ಲ. ವಿದ್ಯಾರ್ಥಿಗಳು ಒಂದೇ ದಿನದಲ್ಲಿ ಬರೆದು ಅಂಟಿಸಿದರು. ಗಂಧಕಾಮ್ಲ, ಲವಣಾಮ್ಲ ಎಂದು ಶುದ್ಧ ಕನ್ನಡ ಬೇಡ, ಅಟೆಂಡರ್ ಬಾಯಲ್ಲಿ ಬರುವ ಹೆಸರನ್ನೇ ಬರೆಯಿರಿ ಎಂದೆ. ಕೈಗವಸು ಎರಡು ಜೊತೆ ಬಂದಿವೆ, ಸ್ಟಾಕ್ ಬುಕ್ಕಿನಲ್ಲಿ ಏರಿವೆ, ಕಪಾಟಿನೊಳಗೆ ಕೀಲಿ ಹಾಕಿ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಆಫೀಸಿಗೆ ಹೋಗಿ ಕೀಲಿ ಕೇಳುವುದು ಈಗ ನನ್ನ ಕೆಲಸ. ಪುಸ್ತಕಕ್ಕೆ ‘ನೋಡೋಣು’ ಎಂದರು.

ಟಾಕಿಯ ಮಾತು ಬಂದಾಗ ಆಡಳಿತ ಮಂಡಳಿಯ ಒಬ್ಬ ಹಿರಿಯರು, ಸಿಟ್ಟಿನಿಂದಲ್ಲ, ಬಹಳ ಪ್ರೀತಿಯಿಂದಲೇ ಅಂದರು: ‘ಮಶೀನು ದೂರದಿಂದ ಬರಬೇಕ್ರೀ ಮಾಸ್ತರ, ಸಾವಿರಗಟ್ಟಲೆ ಖರ್ಚು. ನಿಮ್ಮ ಓಣ್ಯಾಗ ಯಾರರ ಇದ್ದರ ನೀವ ನೋಡ್ರಲ್ಲ.’

ನಾನು ಚೀಲದಿಂದ 2013ರ ಕಾಯ್ದೆಯ ಪ್ರತಿ ತೆಗೆದು ಏಳನೆಯ ಮತ್ತು ಒಂಬತ್ತನೆಯ ಕಲಮುಗಳನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರಾಡಿದ ಮಾತು, ನಾನು ಓದಿದ ಕಲಮು ಎರಡನ್ನೂ ಠರಾವು ಪುಸ್ತಕದಲ್ಲಿ ಬರೆಯಬೇಕೆಂದು ಕೇಳಿದೆ. ಕಾರಕೂನನ ಪೆನ್ನು ನಿಂತಿತು, ಪ್ರಾಚಾರ್ಯರ ಮುಖ ನೋಡಿದ. ವಿಷಯವನ್ನು ಮುಂದಿನ ಸಭೆಗೆ ಇಡಲಾಗಿದೆ ಎಂದಷ್ಟು ಬರೆದರು. ಮುಂದಿನ ಸಭೆಯ ತಾರೀಖು ಗೊತ್ತಾಗಿಲ್ಲ. ಟಾಕಿಯ ಮುಚ್ಚಳದ ಸಂದಿಯಿಂದ ಈಗಾಗಲೇ ವಾಸನೆ ಬರಾಕ ಹತ್ತೇತಿ. ಪರೀಕ್ಷೆ ಮುಗಿಯಲು ಇನ್ನು ಹದಿನೆಂಟು ದಿನ, ಮರುದಿನದಿಂದ ಬೇಸಿಗೆ ರಜೆ. ನಮ್ಮ ಓಣಿಯ ಮನೆಮನೆಗೂ ಹೋಗಿ, ಕಾಲೇಜಿನಿಂದ ಕರೆ ಬಂದರೆ ಮೊದಲು ನನಗೆ ತಿಳಿಸಬೇಕು ಎಂದು ಹೇಳಿ ಬಂದಿದ್ದೇನೆ.